ದೇಹೂ ರೋಡಿನ ರೆಸಿಡೆನ್ಸಿ

ಜಮಖಂಡಿಯಲ್ಲಿ ಯಾರಾದರೂ ನನ್ನ ಬಗ್ಗೆ ವಿಚಾರಿಸಿದರೆ ನಮ್ಮವ್ವ, "ಮಗಳು ತುಕಾರಾಮ ಮಹಾರಾಜರ ಊರಾಗ ಡಾಕ್ಟರ್ ಅದಾಳ" ಅನ್ನುತ್ತಾಳೆ. ಆ ಒಂದು ಮಾತಿನಲ್ಲಿ ಎರಡು ತಪ್ಪುಗಳಿವೆ. ತುಕಾರಾಮರ ದೇಹೂ ಇರುವುದು ಇಂದ್ರಾಯಣಿ ನದಿಯ ದಂಡೆಯ ಮೇಲೆ. ನಾನಿರುವ ದೇಹೂ ರೋಡ್ ಅಲ್ಲಿಂದ ಕೆಲವು ಕಿಲೋಮೀಟರ್ ಈಚೆಗೆ, ಪುಣೆ-ಲೋಣಾವಳಾ ಲೋಕಲ್ ನಿಲ್ಲುವ ಒಂದು ಸ್ಟೇಷನ್ನು ಮತ್ತು ಅದರ ಸುತ್ತಲಿನ ಕಂಟೋನ್ಮೆಂಟು. ಸೈನ್ಯದ ದೊಡ್ಡ ಡಿಪೊ, 1954ರ ಡಿಸೆಂಬರಿನಲ್ಲಿ ಅಂಬೇಡ್ಕರರು ಬುದ್ಧನ ಮೂರ್ತಿ ಪ್ರತಿಷ್ಠಾಪಿಸಿದ ವಿಹಾರ, ಹಳೆಯ ಮುಂಬೈ ಹೆದ್ದಾರಿ, ಇಷ್ಟು ಹೇಳಿದರೆ ಊರಿನ ಗುರುತು ಸಿಗುತ್ತದೆ. ಎರಡನೆಯ ತಪ್ಪು, ನಾನು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ಎರಡನ್ನೂ ಅವ್ವನಿಗೆ ಎಷ್ಟೋ ಸಲ ಹೇಳಿದ್ದೇನೆ. "ಹಂಗಂದ್ರ ಮಂದಿಗೆ ತಿಳಿಯೂದಿಲ್ಲವಾ" ಎಂದು ತಳ್ಳಿಹಾಕುತ್ತಾಳೆ.

ಮೂರು ವರ್ಷದ ಹಿಂದೆ ಇದಕ್ಕೆ ಮೂರನೆಯ ಗೊಂದಲವೂ ಸೇರಿತು. "ಅವ್ವಾ, ನಮ್ಮ ಕ್ಲಿನಿಕ್‌ನ್ಯಾಗ ರೆಸಿಡೆನ್ಸಿ ಸುರು ಮಾಡೀವಿ" ಅಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಕೇಳಿದಳು: "ಲಾಡ್ಜ್ ಏನ? ಎಷ್ಟು ಖೋಲಿ ಅದಾವ?"

ಅವಳ ತಪ್ಪೇನಿಲ್ಲ. ನಮ್ಮ ಕಡೆ ಬಸ್‌ಸ್ಟ್ಯಾಂಡ್ ಎದುರಿನ ಪ್ರತಿ ಎರಡನೇ ಲಾಡ್ಜಿನ ಬೋರ್ಡಿನಲ್ಲೂ ಆ ಶಬ್ದ ಇರುತ್ತದೆ. ಆದರೆ ಅವಳಿಗೆ ಅಂದು ಫೋನಿನಲ್ಲಿ ಸರಿಯಾಗಿ ಹೇಳಲಾಗದ್ದನ್ನು ಇಲ್ಲಿ ಹೇಳಬೇಕೆನ್ನಿಸಿದೆ. ಯಾಕೆಂದರೆ ಈ ರೆಸಿಡೆನ್ಸಿ ಹುಟ್ಟಿದ್ದು ನನ್ನದೇ ಒಂದು ತಪ್ಪಿನಿಂದ.

ನಮ್ಮ ಕ್ಲಿನಿಕ್ ಇರುವುದು ಹೆದ್ದಾರಿ ಬದಿಯ ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಎರಡು ಖೋಲಿ, ಹಿಂದಿನ ಗಚ್ಚಿನ ಮೇಲೆ ತಗಡಿನ ಶೆಡ್ಡು. ಕ್ಲಿನಿಕ್ ಕಟ್ಟಿದವರು ಸಾತಾರಾ ಕಡೆಯ ಹಿರಿಯ ಫಿಸಿಯೋ. ಅವರನ್ನು ನಾವೆಲ್ಲ ದಾದಾ ಅನ್ನುತ್ತೇವೆ. ಬೆಳಗಾವಿಯಲ್ಲಿ ಬಿಪಿಟಿ ಮುಗಿಸಿ, ಪುಣೆಗೆ ಬಂದು ಎಂಪಿಟಿ ಮಾಡಿ, ನಾನು ಅವರ ಜೊತೆ ಸೇರಿ ಹತ್ತು ವರ್ಷದ ಮೇಲಾಯಿತು.

ಕ್ರೀಡಾ ಫಿಸಿಯೋ ಅಂದ ಕೂಡಲೇ ಜನರ ಕಣ್ಣಿಗೆ ಬರುವುದು ಕ್ರಿಕೆಟ್. 1999ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಲೀಪಸ್ ಭಾರತ ತಂಡದ ಫಿಸಿಯೋ ಆಗಿ ಬಂದಾಗಲೇ ನನ್ನ ವಾರಿಗೆಯ ಅನೇಕರಿಗೆ ಇಂಥದೊಂದು ಕೆಲಸ ಇದೆಯೆಂದು ಗೊತ್ತಾದದ್ದು. ನಮ್ಮಲ್ಲಿಂದ ಸ್ವಲ್ಪವೇ ದೂರದ ಗಹುಂಜೆಯಲ್ಲಿ ದೊಡ್ಡ ಕ್ರಿಕೆಟ್ ಸ್ಟೇಡಿಯಂ ಇದೆ. ಮ್ಯಾಚಿನ ರಾತ್ರಿ ಅದರ ದೀಪಗಳ ಬೆಳಕು ನಮ್ಮ ಗಚ್ಚಿಗೂ ಕಾಣುತ್ತದೆ. ಆದರೆ ಆ ಸ್ಟೇಡಿಯಮ್ಮಿನಲ್ಲಿ ಆಡುವವರು ನಮ್ಮ ಮೆಟ್ಟಿಲು ಹತ್ತುವುದಿಲ್ಲ. ಹತ್ತುವವರು ಚಿಖಲಿ, ತಳವಡೆ, ನಿಗಡಿಯ ಕಬಡ್ಡಿ ಹುಡುಗ ಹುಡುಗಿಯರು, ಕುಸ್ತಿಯ ತಾಲೀಮಿನವರು, ಎಲ್ಲರಿಗಿಂತ ಹೆಚ್ಚಾಗಿ ಭರತಿಯ ಹುಡುಗರು.

ಭರತಿ ಅಂದರೆ ಸೈನ್ಯದ, ಪೊಲೀಸಿನ ನೇಮಕಾತಿ. 2022ರಲ್ಲಿ ಅಗ್ನಿಪಥ ಬಂದ ಮೇಲೆ ಅಗ್ನಿವೀರನಾಗಲು ವಯಸ್ಸು ಗೊತ್ತುಮಾಡಿದ ಮಿತಿಯ ಒಳಗೆ ಇರಬೇಕು. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ 60 ಅಂಕ. ಇದಕ್ಕಾಗಿ ಬೆಳಗಿನ ಐದಕ್ಕೆ ರಸ್ತೆಯಂಚಿನಲ್ಲಿ ಸವೆದ ಬೂಟು ಹಾಕಿಕೊಂಡು ಓಡುವ ಹುಡುಗರನ್ನು ನೋಡಿದರೆ ಇವರನ್ನು ಕ್ರೀಡಾಪಟುಗಳು ಎಂದು ಯಾರೂ ಕರೆಯಲಿಕ್ಕಿಲ್ಲ. ಆದರೆ ಓಟದ ಮೇಲೆ ಇಡೀ ಮನೆಯ ಸಂಸಾರ ನಿಂತಿರುವುದು ಒಲಿಂಪಿಕ್ಸ್ ಓಟಗಾರರಲ್ಲೂ ಎಷ್ಟು ಜನಕ್ಕೆ ಇದ್ದೀತು?

ಇನ್ನು ನನ್ನ ತಪ್ಪಿನ ವಿಷಯ.

ಆರು ವರ್ಷದ ಹಿಂದೆ ಒಬ್ಬ ಕಬಡ್ಡಿ ಹುಡುಗಿ ಬಂದಳು. ಅಪ್ಪ ಅವ್ವ ಇಂಡಿ ತಾಲೂಕಿನವರು, ಇಲ್ಲಿ ಕಟ್ಟಡದ ಕೆಲಸ. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ರಜ್ಜು ಹರಿದು, ಆಪರೇಷನ್ ಆಗಿತ್ತು. ನನ್ನ ಮಾತಿನಲ್ಲಿ ವಿಜಾಪುರದ ಕಡೆಯ ಧಾಟಿ ಕೇಳಿ ಮೊದಲ ದಿನವೇ "ಯಕ್ಕಾ" ಅಂದಳು. ಆರು ತಿಂಗಳು ಒಂದು ದಿನ ತಪ್ಪಿಸದೆ ಬಂದಳು. ನೋವು ಹೋಯಿತು, ಬಾವು ಇಳಿಯಿತು, ಓಡಿದಳು, ಒಂಟಿಕಾಲಲ್ಲಿ ಕುಪ್ಪಳಿಸಿ ತೋರಿಸಿದಳು. ಅದೇ ಹೊತ್ತಿಗೆ ಜಿಲ್ಲಾ ತಂಡದ ಆಯ್ಕೆ ಬಂತು. "ಯಕ್ಕಾ, ಆಡ್ಲಿ ಏನ್ರಿ?" ಅಂದಳು. ನಾನು "ಆಡು" ಅಂದೆ.

ಮೂರನೆಯ ರೈಡಿನಲ್ಲಿ ಅದೇ ಮೊಣಕಾಲು ಮತ್ತೆ ಹೋಯಿತು.

ನನಗೆ ಗೊತ್ತಿಲ್ಲದೆ ಆದ ತಪ್ಪಲ್ಲ ಇದು. 2016ರಲ್ಲಿ ಪ್ರಕಟವಾದ, ಈ ಕ್ಷೇತ್ರದವರೆಲ್ಲ ಓದಿರುವ ಒಂದು ಅಧ್ಯಯನ ನನ್ನ ಫೋನಿನಲ್ಲೇ ಇತ್ತು. ಆಪರೇಷನ್ ಆದ ಮೇಲೆ ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಗಾಯವಾಗುವ ಪ್ರಮಾಣ ಶೇಕಡಾ 51ರಷ್ಟು ಇಳಿಯುತ್ತದೆ ಎಂದು ಅದು ಹೇಳುತ್ತದೆ. ತೊಡೆಯ ಮುಂದಿನ ಸ್ನಾಯುವಿನ ಬಲ ಇನ್ನೊಂದು ಕಾಲಿನ ಹತ್ತಿರಕ್ಕೆ ಬಂದಿದೆಯೇ ಎಂದು ಅಳೆಯಬೇಕೆಂದೂ ಗೊತ್ತಿತ್ತು. ಅಳೆಯಲಿಲ್ಲ. ಕಣ್ಣಳತೆಯಲ್ಲಿ ನೋಡಿದೆ. ಅವಳ ಮುಖದ ಆಸೆ ನೋಡಿದೆ. ಹ್ಞೂಂ ಅಂದೆ.

ಅವಳ ಅಪ್ಪ ಬಂದು ಜಗಳವಾಡಲಿಲ್ಲ. ಕೈಯಲ್ಲಿ ಟವೆಲ್ಲು ಹಿಡಿದು ನಿಂತು, "ನೀವ ಹ್ಞೂಂ ಅಂದಿದ್ರಿ, ಹೌದಲ್ರೀ ಮೇಡಂ?" ಎಂದು ಮಾತ್ರ ಕೇಳಿದರು. ಖಾತ್ರಿ ಮಾಡಿಕೊಳ್ಳಲು ಕೇಳಿದಂತಿತ್ತು. ನಾನು ಹೌದು ಅಂದೆ. ಎರಡನೆಯ ಆಪರೇಷನ್ನಿಗೆ ಅವರ ಹತ್ತಿರ ದುಡ್ಡಿರಲಿಲ್ಲ.

ಆಮೇಲೆ ಬಹಳ ದಿನ ಒಂದೇ ಪ್ರಶ್ನೆ ಕಾಡಿತು. ಓದಿದ್ದೆ, ಡಿಗ್ರಿ ಇತ್ತು, ಆದರೂ ಆ ಗಳಿಗೆಯಲ್ಲಿ ಯಾಕೆ ತಪ್ಪಿದೆ? ಉತ್ತರ ಹೀಗಿತ್ತು: ಆ ಗಳಿಗೆಯಲ್ಲಿ ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಯಾವತ್ತೂ ಇದ್ದಿರಲಿಲ್ಲ.

ನಮ್ಮ ವೃತ್ತಿಯ ಚರಿತ್ರೆಯೇ ಹಾಗಿದೆ. ಮುಂಬಯಿಯಲ್ಲಿ ಪೋಲಿಯೊ ಹಬ್ಬಿದ ಮೇಲೆ, 1953ರಲ್ಲಿ ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾಯಿತು. ಅಲ್ಲಿಂದ ಕಾಲೇಜುಗಳು ಬೆಳೆದವು. ನಾನು ಓದುವಾಗ ಬಿಪಿಟಿಗೆ ನಾಲ್ಕು ವರ್ಷ, ಮೇಲೆ ಆರು ತಿಂಗಳ ಇಂಟರ್ನ್‌ಶಿಪ್. ಎಂಪಿಟಿಗೆ ಇನ್ನೆರಡು ವರ್ಷ, ಅದರಲ್ಲಿ ಪ್ರಬಂಧ ಮತ್ತು ಪರೀಕ್ಷೆಯೇ ಹೆಚ್ಚು. ಅದು ಮುಗಿದ ಮರುದಿನ ಒಬ್ಬರೇ ರೋಗಿಯ ಎದುರು ಕೂತಿರುತ್ತೇವೆ. ಡಾಕ್ಟರರು ಎಂಡಿ ಮಾಡುವಾಗ ಹಿರಿಯರ ಕಣ್ಣೆದುರು ವರ್ಷಗಟ್ಟಲೆ ರಾತ್ರಿ ಪಾಳಿ ಮಾಡುತ್ತಾರಲ್ಲ, ಆ ಥರದ್ದು ನಮಗಿಲ್ಲ.

ಅಮೆರಿಕದಲ್ಲಿ ನಮ್ಮವರಿಗೂ ಅದಿದೆ. ಅಲ್ಲಿನ ಮಾನ್ಯತಾ ಮಂಡಳಿಯ ನಿಯಮದಂತೆ ರೆಸಿಡೆನ್ಸಿ ಮಾಡುವವರು ಕನಿಷ್ಠ 1,500 ಗಂಟೆ ರೋಗಿಗಳನ್ನು ನೋಡಬೇಕು, ಅದರಲ್ಲಿ 150 ಗಂಟೆ ಹಿರಿಯರೊಬ್ಬರು ಮಾರ್ಗದರ್ಶನ ಮಾಡಬೇಕು. ಈ ಎರಡನೆಯ ಅಂಕಿ ಓದಿ ನಾನು ಲೆಕ್ಕ ಹಾಕಿದೆ. ನನ್ನ ಇಡೀ ಓದಿನಲ್ಲಿ, ನಾನು ರೋಗಿಯನ್ನು ನೋಡುವಾಗ ಒಬ್ಬ ಗುರು ಪಕ್ಕದಲ್ಲಿ ಕೂತು, ಕೊನೆಗೆ "ಇದನ್ನು ಯಾಕೆ ಹೀಗೆ ನಿರ್ಧರಿಸಿದೆ?" ಎಂದು ಕೇಳಿದ ಗಂಟೆಗಳು ಎಷ್ಟು? ಬೆರಳಲ್ಲಿ ಎಣಿಸಬಹುದಿತ್ತು.

ದಾದಾ ಎದುರು ವಿಷಯ ಇಟ್ಟೆ. ಅವರು ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಖರ್ಚು ಯಾರದು?" ಸರಿಯಾದ ಪ್ರಶ್ನೆಯೇ. ಸಣ್ಣ ಕ್ಲಿನಿಕ್ ನಡೆಯುವುದು ಮಶೀನಿನ ಮೇಲೆ. ನಾಲ್ಕು ಮಂಚದ ಮೇಲೆ ನಾಲ್ಕು ಜನರನ್ನು ಮಲಗಿಸಿ, ಕರೆಂಟಿನ ಪ್ಯಾಡ್ ಅಂಟಿಸಿ, ಹೊಸದಾಗಿ ಪಾಸಾದ ಹುಡುಗಿಯೊಬ್ಬಳನ್ನು ನಿಲ್ಲಿಸಿದರೆ ಗಂಟೆಗೆ ನಾಲ್ಕು ಫೀಸು. ನಾನು ಹೇಳುತ್ತಿದ್ದದ್ದು, ವಾರಕ್ಕೆ ನಾಲ್ಕು ಗಂಟೆ ಒಬ್ಬ ರೋಗಿಗೆ ಇಬ್ಬರು ಫಿಸಿಯೋಗಳು ಕೂರಬೇಕು, ಫೀಸು ಮಾತ್ರ ಒಂದೇ ಎಂದು. ಅಷ್ಟೇ ಅಲ್ಲ, ಕಲಿಯಲು ಬಂದವರಿಗೆ ನಾವೇ ಸಂಬಳ ಕೊಡಬೇಕೆಂದೂ ಹಟ ಹಿಡಿದೆ. ಕಲಿಯುವವರಿಂದಲೇ ದುಡ್ಡು ತೆಗೆದುಕೊಂಡು, ಅವರ ಕೈಯಲ್ಲೇ ಪ್ಯಾಡ್ ಅಂಟಿಸುವ ಕೆಲಸ ಮಾಡಿಸಿ, ಕೊನೆಗೊಂದು ಸರ್ಟಿಫಿಕೇಟು ಕೊಡುವ ಪದ್ಧತಿಯನ್ನು ನಾನೇ ಅನುಭವಿಸಿದ್ದೆ.

ದಾದಾ ಒಂದು ವಾರ ಮಾತಾಡಲಿಲ್ಲ. ಆಮೇಲೆ, "ಇಬ್ಬರು. ಒಂದು ವರ್ಷ. ನಷ್ಟ ಆದರೆ ನಿನ್ನ ಪಾಲಿನಿಂದ" ಅಂದರು. ಮೊದಲ ವರ್ಷ ನನ್ನ ಪಾಲು ನಿಜಕ್ಕೂ ಕಡಿಮೆಯಾಯಿತು.

ಕೊಡುವ ಕಾಗದ ನಮ್ಮ ಲೆಟರ್‌ಹೆಡ್ಡಿನದು, ಅದಕ್ಕೆ ಯಾವ ಮಂಡಳಿಯ ಮಾನ್ಯತೆಯೂ ಇಲ್ಲ ಎಂದು ಬರುವವರಿಗೆ ಮೊದಲೇ ಹೇಳಿಬಿಟ್ಟೆವು. ಹಾಗಿದ್ದೂ ಅರ್ಜಿಗಳು ಬಂದವು. ಮೊದಲ ವರ್ಷ ಬಂದವರು ಕರಾಡದ ಒಬ್ಬ ಹುಡುಗಿ, ಗದಗ ಜಿಲ್ಲೆಯ ಒಬ್ಬ ಹುಡುಗ.

ವರ್ಷವನ್ನು ನಾಲ್ಕು ಭಾಗ ಮಾಡಿದ್ದೆವು. ಮೊದಲ ಮೂರು ತಿಂಗಳು ಮೈದಾನ. ಪಾದ ಹೊರಳಿದಾಗ ಎಲ್ಲೆಲ್ಲಿ ಒತ್ತಿ ನೋಡಬೇಕು, ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ ಎಕ್ಸ್‌ರೇಗೆ ಯಾಕೆ ಕಳಿಸಬೇಕು, ತಲೆಗೆ ಪೆಟ್ಟು ಬಿದ್ದವನು ಸರಿಯಾಗಿದ್ದೇನೆ ಎಂದರೂ ಆ ದಿನ ಯಾಕೆ ಮತ್ತೆ ಆಡಿಸಬಾರದು, ಬಿಸಿಲಿಗೆ ಕುಸಿದವನಿಗೆ ಮೊದಲು ತಣ್ಣೀರು ಯಾಕೆ, ಆಂಬುಲೆನ್ಸಿಗೆ ಕಾಯುತ್ತ ಏನು ಮಾಡಬಾರದು, ಹೀಗೆ. ಎರಡನೆಯ ಭಾಗ ತೂಕ ಮತ್ತು ಬಲ. ಮೂರನೆಯದು ಆಪರೇಷನ್ ಆದವರು. ನಾಲ್ಕನೆಯ ಭಾಗದಲ್ಲಿ ರೆಸಿಡೆಂಟರೇ ನಿರ್ಧಾರ ತೆಗೆದುಕೊಳ್ಳಬೇಕು, ನಾನು ಹಿಂದೆ ಸ್ಟೂಲಿನ ಮೇಲೆ ಬಾಯಿ ಮುಚ್ಚಿ ಕೂರಬೇಕು. ಕಲಿಸುವವರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಭಾಗ.

ಸ್ನಾಯುವಿನ ಬಲ ಅಳೆಯುವ ಉಪಕರಣ ನಮ್ಮ ಕೈಗೆಟುಕುವಂತಿರಲಿಲ್ಲ. ಪುಣೆಯ ರವಿವಾರ ಪೇಠೆಗೆ ಹೋಗಿ ಚೀಲ ತೂಗುವ ಕೊಕ್ಕೆಯ ಡಿಜಿಟಲ್ ತೂಕದ ಯಂತ್ರ ತಂದೆವು. ಒಂದು ತುದಿಯನ್ನು ಸರಪಳಿಯಿಂದ ಮಂಚದ ಕಾಲಿಗೆ ಬಿಗಿದು, ಇನ್ನೊಂದು ತುದಿಯ ಪಟ್ಟಿಯನ್ನು ಕಣಕಾಲಿಗೆ ಕಟ್ಟಿ, ಮೊಣಕಾಲು ಮಡಚಿ ಕೂತು ಮುಂದಕ್ಕೆ ಒದೆಯಲು ಹೇಳಿದರೆ ಎಷ್ಟು ಕಿಲೋ ಎಂದು ತೋರಿಸುತ್ತದೆ. ಎರಡೂ ಕಾಲಿನದು ಬರೆದುಕೊಂಡು ಹೋಲಿಸುವುದು. ಆರು ವರ್ಷದ ಹಿಂದೆ ಇಷ್ಟು ಮಾಡಿದ್ದರೆ ಸಾಕಿತ್ತು ಎಂದು ಅದನ್ನು ನೋಡಿದಾಗಲೆಲ್ಲ ಅನ್ನಿಸುತ್ತದೆ.

ಇದೆಲ್ಲದರ ಜೊತೆ ಒಂದು ವಹಿ. ಅಂಗಡಿಯವರು ಲೆಕ್ಕ ಬರೆಯುವ ಕೆಂಪು ರಟ್ಟಿನ ಉದ್ದ ಪುಸ್ತಕ. ರೆಸಿಡೆಂಟರು "ಆಡು" ಅಥವಾ "ಬೇಡ" ಎಂದ ಪ್ರತಿ ಸಲವೂ ಅದರಲ್ಲಿ ಬರೆಯಬೇಕು. ಮೊದಲ ಕಾಲಮ್ಮಿನಲ್ಲಿ ಏನು ಹೇಳಿದೆ, ಎರಡನೆಯದರಲ್ಲಿ ಯಾವ ಅಳತೆಯ ಮೇಲೆ ಹೇಳಿದೆ. ಮೂರನೆಯದನ್ನು ಖಾಲಿ ಬಿಟ್ಟು, ಮೂರು ತಿಂಗಳಾದ ಮೇಲೆ ಆ ಮನುಷ್ಯನಿಗೆ ಫೋನ್ ಮಾಡಿ, ಏನಾಯಿತು ಎಂದು ತುಂಬಬೇಕು. ಅದರ ಮೊದಲ ಪುಟದ ಮೊದಲ ಸಾಲು ನನ್ನದು. "ಆಡು ಎಂದೆ. ಅಳೆಯಲಿಲ್ಲ. ಮೂರನೇ ರೈಡಿನಲ್ಲಿ ಮತ್ತೆ ಹರಿಯಿತು."

ಆ ವಹಿ ನಮ್ಮ ರೆಸಿಡೆಂಟರಿಗೆ "ಬೇಡ" ಅನ್ನುವುದನ್ನು ಕಲಿಸುತ್ತದೆ, ಅಲ್ಲಿಗೆ ನನ್ನ ಸಾಲ ತೀರಿತು ಎಂದುಕೊಂಡಿದ್ದೆ.

ಮೊದಲ ವರ್ಷದ ಕೊನೆಯಲ್ಲಿ ಒಬ್ಬ ಭರತಿಯ ಹುಡುಗ ಬಂದ. ಗದಗಿನ ಹುಡುಗನ ಪಾಳಿ. ನಾನು ಹಿಂದೆ ಸ್ಟೂಲಿನ ಮೇಲೆ. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ನಟ್ಟನಡುವೆ ನೋವು. ಎಲ್ಲಿ ಎಂದು ಕೇಳಿದರೆ ಅಂಗೈಯಿಂದ ಸವರಿ ತೋರಿಸಲಿಲ್ಲ, ಒಂದೇ ಬೆರಳಿಟ್ಟ. ಆ ಕಾಲಲ್ಲಿ ಎರಡು ಸಲ ಕುಪ್ಪಳಿಸಿ ನಿಂತುಬಿಟ್ಟ. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಇಂಥ ಸೀಳು ಮೊದಲ ವಾರಗಳಲ್ಲಿ ಎಕ್ಸ್‌ರೇಗೆ ಅನೇಕ ಸಲ ಕಾಣುವುದೇ ಇಲ್ಲ. ಮನೆಯವರು ಸಾಲ ಮಾಡಿ ಎಂಆರ್‌ಐ ಮಾಡಿಸಿದರು. ಎಲುಬಿನ ಮುಂಭಾಗದಲ್ಲಿ ಸೀಳು. ಹಿಂಬದಿಯ ಒಳಮಗ್ಗುಲಲ್ಲಿ ಆಗಿದ್ದರೆ ಸಾಮಾನ್ಯವಾಗಿ ವಿಶ್ರಾಂತಿ ಕೊಟ್ಟರೆ ಕೂಡಿಕೊಳ್ಳುತ್ತದೆ. ಮುಂಭಾಗದ್ದು ಹಟಮಾರಿ. ಅದರ ಮೇಲೇ ಓಡಿದರೆ ಎಲುಬು ಪೂರ್ತಿ ಮುರಿಯಲೂಬಹುದು. ಎಲುಬಿನ ಡಾಕ್ಟರರೂ ಓಡಬಾರದು ಎಂದರು.

ಭರತಿಗೆ ಐದು ವಾರ ಇತ್ತು. ಮುಂದಿನ ಭರತಿಯ ಹೊತ್ತಿಗೆ ಅವನ ವಯಸ್ಸು ಮೀರುತ್ತಿತ್ತು.

ಅವನ ತಾಯಿ ಜೊತೆಗೆ ಬಂದಿದ್ದರು. ಮರಾಠಿಯಲ್ಲಿ ನಿಧಾನವಾಗಿ ಕೇಳಿದರು: "ಐದೂವರೆ ನಿಮಿಷದ ಮಾತಲ್ಲವೇನಪ್ಪಾ? ಅಷ್ಟು ಹೊತ್ತು ತಡೆಯುವುದಿಲ್ಲವೇ ಈ ಕಾಲು?"

ನಾನು ಬಾಯಿ ತೆರೆಯಲು ಹೋಗಿ ಮುಚ್ಚಿಕೊಂಡೆ. ಗದಗಿನ ಹುಡುಗ ತನ್ನ ಹರುಕು ಮರಾಠಿಯಲ್ಲೇ ಹೇಳಿದ: "ತಡೆಯಲೂಬಹುದು ಆಯೀ. ತಡೆಯುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮುರಿದರೆ ಕಾಲೂ ಹೋಗುತ್ತದೆ, ಭರತಿಯೂ ಹೋಗುತ್ತದೆ. ಓಡು ಎಂದು ನಾನು ಹೇಳಲಾರೆ." ಇಷ್ಟು ಪ್ರಾಮಾಣಿಕವಾಗಿ ನಾನು ಹೇಳುತ್ತಿದ್ದೆನೋ ಇಲ್ಲವೋ. ನಾನಾಗಿದ್ದರೆ ಬಹುಶಃ ಖಂಡಿತ ಮುರಿಯುತ್ತದೆ ಎಂದು ಹೆದರಿಸಿ ಪಾರಾಗುತ್ತಿದ್ದೆ.

ಹುಡುಗ ಓಡಲಿಲ್ಲ. ವಹಿಯ ಮೂರನೆಯ ಕಾಲಮ್ ತುಂಬುವ ದಿನ ಬಂತು. ಫೋನ್ ಇಟ್ಟು ಗದಗಿನ ಹುಡುಗ ಬರೆದ: "ಕಾಲು ಕೂಡಿಕೊಳ್ಳುತ್ತಿದೆ. ವಯಸ್ಸು ಮೀರಿತು. ಪಾರ್ಸೆಲ್ ಹಂಚುವ ಕೆಲಸಕ್ಕೆ ಸೇರಿದ್ದಾನೆ." ಬರೆದು ನನ್ನ ಕಡೆ ತಿರುಗಿದ.

"ಮೇಡಂ, ನಾ ಮಾಡಿದ್ದು ಸರಿ ಐತೇನ್ರಿ?"

"ಸರಿ ಐತಿ."

"ಹಂಗಿದ್ರ ಅವಂಗ ಯಾಕ್ರಿ ಹಿಂಗಾತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನ ಬಿಟ್ಟು ಅವನೇ ವಹಿ ತೆಗೆದು, ಆ ಹುಡುಗನ ಮೊದಲ ದಿನದ ಟಿಪ್ಪಣಿ ತೋರಿಸಿದ. ನೋವು ಶುರುವಾದದ್ದು ನಮ್ಮಲ್ಲಿಗೆ ಬರುವ ಎರಡು ತಿಂಗಳು ಮೊದಲು. ಆ ಎರಡು ತಿಂಗಳೂ ಅವನು ನಮ್ಮ ಕ್ಲಿನಿಕ್ಕಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಮೈದಾನದಲ್ಲಿ ದಿನಾ ಓಡುತ್ತಿದ್ದ. "ನಾವು ಇಲ್ಲಿ ಕುಂತು ಬ್ಯಾಡ ಅನ್ನೂದು ಭಾಳ ತಡಾ ಆಗ್ತದ್ರಿ" ಅಂದ.

ಆ ಮಾತಿನಿಂದ ನಮ್ಮ ಕಾರ್ಯಕ್ರಮದ ಅರ್ಧಭಾಗ ಬದಲಾಯಿತು. ಮೈದಾನ ಎಂದರೆ ಬಿದ್ದವರನ್ನು ಎತ್ತುವ ಜಾಗ ಎಂದು ನಾನು ತಿಳಿದಿದ್ದೆ. ಈಗ ವಾರಕ್ಕೆ ಎರಡು ಬೆಳಗ್ಗೆ, ವರ್ಷವಿಡೀ, ರೆಸಿಡೆಂಟರು ಭರತಿಯ ಹುಡುಗರ ಜೊತೆ ಇರುತ್ತಾರೆ.

ಅಲ್ಲಿ ಹೇಳುವುದು ದೊಡ್ಡ ವಿದ್ಯೆಯೇನಲ್ಲ. ಹೊಸ ಭಾರ ಬಿದ್ದಾಗ ಎಲುಬು ಮೊದಲು ಹಳೆಯದನ್ನು ಕರಗಿಸಿ ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗಿ, ಇನ್ನೂ ಕಟ್ಟದ ವಾರಗಳಲ್ಲಿ ಅದು ಮೊದಲಿಗಿಂತ ಮೆತ್ತಗಿರುತ್ತದೆ. ಹುಡುಗರು ಜೋರು ಹೆಚ್ಚಿಸುವುದು ಸರಿಯಾಗಿ ಆಗಲೇ. ಇದನ್ನು ತಿಳಿಸಲು ನಮಗೆ ಒಳ್ಳೆಯ ಉದಾಹರಣೆ ಈ ಊರಲ್ಲೇ ಸಿಕ್ಕಿದೆ. ಜೂನಿನ ಆಸುಪಾಸು ದೇಹೂವಿನಿಂದ ತುಕಾರಾಮರ ಪಾಲಖಿ ಹೊರಟು ಪಂಢರಪುರದವರೆಗೆ ಜನ ನಡೆಯುತ್ತಾರೆ. ನಮ್ಮ ಕಡೆಯವರೂ ಇರುತ್ತಾರೆ. ಕಾನಡಾ ವಿಠ್ಠಲ ಎಂದು ಮರಾಠಿಯವರೇ ಹಾಡುವ ದೇವರಲ್ಲವೇ ಅವನು. ಆ ದಿನಗಳಲ್ಲಿ ನಾವು ಕಾಲು ನೋಡಲು ಕೂರುತ್ತೇವೆ. ಅರವತ್ತು ದಾಟಿದ ಹೊಲದ ಮುದುಕಿಯರು ಹವಾಯಿ ಚಪ್ಪಲಿಯಲ್ಲಿ ಬಂದು ಎಣ್ಣೆ ಹಚ್ಚಿಸಿಕೊಂಡು ಎದ್ದು ಹೋಗುತ್ತಾರೆ. ಐಟಿ ದಿಂಡಿಯಲ್ಲಿ ಒಂದು ದಿನ ನಡೆಯಲು ಬಂದ ನಮ್ಮ ನಿಮ್ಮಂಥವರು, ದುಬಾರಿ ಬೂಟಿನೊಳಗೆ ಬೊಬ್ಬೆ ಎದ್ದು ಕೂತಿರುತ್ತಾರೆ. ಮುದುಕಿಯರು ವರ್ಷವಿಡೀ ನಡೆದವರು. ವ್ಯತ್ಯಾಸ ಅಷ್ಟೇ.

ಹಾಗಾಗಿ ಹುಡುಗರಿಗೆ ಹೇಳುವುದಿಷ್ಟು. ದಿನಾ ಜೋರಾಗಿ ಓಡಬೇಡಿ, ಒಂದು ದಿನ ಜೋರು, ಮರುದಿನ ಹಗುರ. ಡಾಂಬರು ಬಿಟ್ಟು ಮಣ್ಣಿನ ಮೇಲೂ ಓಡಿ. ಮೀನಖಂಡಕ್ಕೆ ಬಲ ತುಂಬಿ. ಖಾಲಿ ಹೊಟ್ಟೆಯಲ್ಲಿ ಓಡಿ ಖಾಲಿ ಹೊಟ್ಟೆಯಲ್ಲೇ ಕೆಲಸಕ್ಕೆ ಹೋಗಬೇಡಿ. ಎಲುಬಿನ ಮೇಲೆ ಒಂದೇ ಬೆರಳಿಟ್ಟು ತೋರಿಸುವಂಥ ನೋವು ಬಂದರೆ ಅವತ್ತೇ ಹೇಳಿ.

ಅವರಿಗೆ ತರಬೇತಿ ಕೊಡುವ ಮಾಜಿ ಸುಭೇದಾರರು ಮೊದಲು ನಮ್ಮನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. "ನೋವು ಗೊತ್ತಿಲ್ಲದವನು ಸಿಪಾಯಿ ಆಗುತ್ತಾನೇನು?" ಎಂಬುದು ಅವರ ವಾದ. ಕರಾಡದ ಹುಡುಗಿ ವಾದ ಮಾಡಲಿಲ್ಲ. ಸ್ಟಾಪ್‌ವಾಚ್ ಹಿಡಿದು ಎರಡು ತಿಂಗಳು ಪ್ರತಿಯೊಬ್ಬನ ಹೊತ್ತು ಬರೆದಿಟ್ಟು ತೋರಿಸಿದಳು. ಹಗುರ ದಿನ ಇಟ್ಟುಕೊಂಡವರ ಓಟ ನಿಧಾನವಾಗಿರಲಿಲ್ಲ. ಸುಭೇದಾರರು ಸರಿ ಎನ್ನಲಿಲ್ಲ, ಆದರೆ ಮರುವಾರದಿಂದ ನಮಗೂ ಚಹಾ ತರಿಸಿದರು.

ಎಲ್ಲವೂ ಸರಿಹೋಯಿತು ಎಂದೇನಿಲ್ಲ. ಈಗಲೂ ತಡವಾಗಿ ಬರುವವರಿದ್ದಾರೆ. ಇನ್ನೆಲ್ಲೋ ಇಂಜೆಕ್ಷನ್ ಹಾಕಿಸಿಕೊಂಡು ಓಡಿದವರಿದ್ದಾರೆ. ಹಾಗೆ ಓಡಿ ಪಾಸಾದವನೊಬ್ಬನೂ ಇದ್ದಾನೆ, ಅದನ್ನೂ ವಹಿಯಲ್ಲಿ ಬರೆದಿದ್ದೇವೆ. ಕ್ಲಿನಿಕ್ಕಿಗೆ ಲಾಭ ಹೆಚ್ಚೇನಿಲ್ಲ, ನಷ್ಟ ನಿಂತಿದೆ. ಗದಗಿನ ಹುಡುಗ ಈಗ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿಯೂ ಒಂದು ಕೆಂಪು ವಹಿ ಇಟ್ಟಿದ್ದಾನಂತೆ.

ಕಳೆದ ತಿಂಗಳು ಸಂಜೆ ಕಬಡ್ಡಿ ಹುಡುಗಿ ಬಂದಿದ್ದಳು, ಇಂಡಿಯವಳು. ಈಗ ತಳವಡೆಯ ಒಂದು ಪ್ಯಾಕಿಂಗ್ ಕಂಪನಿಯಲ್ಲಿ ಕೆಲಸ. ಸಂಜೆ ತಮ್ಮ ವಸತಿಯ ಹುಡುಗಿಯರಿಗೆ ಕಬಡ್ಡಿ ಹೇಳಿಕೊಡುತ್ತಾಳೆ. ಅವಳನ್ನು ಕಂಡಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅವಳ ಬಲ ಮೊಣಕಾಲಿಗೆ. ಜೊತೆಯಲ್ಲಿ ಹದಿಮೂರು ವರ್ಷದ ಒಂದು ಹುಡುಗಿ.

"ಇಕೀಗೆ ನೋವು ಏನಿಲ್ರಿ ಯಕ್ಕಾ" ಅಂದಳು. "ಆದ್ರ ಜಿಗದು ನಿಂತಾಗ ಮೊಣಕಾಲ ಒಳಗ ಬೀಳ್ತದ, ನಂದು ಬೀಳ್ತಿತ್ತಲ್ಲ, ಹಂಗ. ನೋವು ಬರೂದಕ್ಕ ಮೊದಲ ತೋರ್ಸೂಣು ಅಂತ ಕರ್ಕೊಂಡು ಬಂದೆ."

ಈ ವರ್ಷದ ರೆಸಿಡೆಂಟ್ ಹುಡುಗಿ ಎದ್ದು ಸರಪಳಿ ಬಿಗಿದು, ತೂಕದ ಕೊಕ್ಕೆ ಸಿಕ್ಕಿಸಿದಳು. ನಾನು ನನ್ನ ಸ್ಟೂಲ್ ಹಿಂದಕ್ಕೆ ಎಳೆದುಕೊಂಡು ಕೂತೆ. ಇಂಡಿಯವಳು ಆ ಪೋರಿಯ ಪಕ್ಕ ನಿಂತು ಹೇಳುತ್ತಿದ್ದಳು: "ಜೋರ್ ಒದಿ. ಮತ್ತ ನೋವಾದ್ರ ನೋವು ಅನ್ನು. ನಡೀತೈತಿ ಅನ್ನಬ್ಯಾಡ."